ಟರ್ಬೊ ಹೋಗಿದೆ, ವಾರಂಟಿ ಇನ್ನೂ ಇದೆ, ಆದರೂ ‘ಧೂಳಿನಿಂದ ಹಾಳು’ ಎನ್ನುತ್ತಿದ್ದಾರೆ: ಏನು ಮಾಡಲಿ?

ಸೇಡಂ ರಸ್ತೆಯವ, ಕಲಬುರಗಿ (6 ಮೇ, ರಾತ್ರಿ 9.50)

ಎಲ್ಲರಿಗೂ ನಮಸ್ಕಾರ. ನನ್ನದು 1.5 ಲೀಟರಿನ ಡೀಸೆಲ್ ಕಾರು. ಕೊಂಡು ಎರಡು ವರ್ಷ ನಾಲ್ಕು ತಿಂಗಳಾಗಿದೆ, ಓಡಿದ್ದು 38,200 ಕಿ.ಮೀ. ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ಕಳೆದ ವಾರ ಹುಮನಾಬಾದಿನಿಂದ ಮರಳುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಲ್ಲಿಸಿದೆ. ಮತ್ತೆ ಹೊರಟು ಎರಡು ಕಿ.ಮೀ. ಹೋಗಿರಬಹುದು, ಆಂಬುಲೆನ್ಸ್ ಹಿಂದೆ ಬಂದಂತೆ ಕೂಗು ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಯಾರೂ ಇಲ್ಲ, ಕೂಗುತ್ತಿದ್ದುದು ನನ್ನದೇ ಕಾರು. ಆಮೇಲೆ ನೀಲಿ ಹೊಗೆ ಬಂತು, ಶಕ್ತಿ ಕುಸಿಯಿತು. ಟೋಯಿಂಗ್‌ಗೆ 4,500 ರೂಪಾಯಿ ಕೊಟ್ಟು ಕಲಬುರಗಿಯ ಶೋರೂಮಿನ ವರ್ಕ್‌ಶಾಪಿಗೆ ತಂದೆ.

ಟರ್ಬೊ ಹೋಗಿದೆ ಎಂದರು. ಸರಿ, ವಾರಂಟಿಯಲ್ಲಿ ಹಾಕಿಕೊಡಿ ಎಂದೆ. ಎರಡು ದಿನ ಬಿಟ್ಟು ಫೋನ್ ಬಂತು: ‘ಸರ್, ಸೇಡಂ ರಸ್ತೆಯ ಸಿಮೆಂಟ್ ಧೂಳು ಟರ್ಬೊ ಒಳಗೆ ಹೋಗಿದೆ, ಇದು ವಾರಂಟಿಗೆ ಬರುವುದಿಲ್ಲ, 78,400 ಆಗುತ್ತದೆ’. ಮರುದಿನ ಖುದ್ದಾಗಿ ಹೋದರೆ ಸರ್ವಿಸ್ ಅಡ್ವೈಸರ್ ಬೇರೆ ರಾಗ ಹಾಡಿದ. ಬಾಳೆಹಣ್ಣಿನ ಕಥೆಯನ್ನು ನಾನೇ ಅವನಿಗೆ ಹೇಳಿದ್ದೆ ನೋಡಿ! ‘ಬಿಸಿ ಎಂಜಿನನ್ನು ಥಟ್ಟನೆ ಆರಿಸಿದ್ದೀರಿ, ಅದಕ್ಕೇ ಎಣ್ಣೆ ಸುಟ್ಟಿದೆ’ ಎಂದ. ಮ್ಯಾನೇಜರ್ ಬಂದು 20,000 ಕಿ.ಮೀ. ಸರ್ವಿಸ್ ಹೊರಗೆ ಮಾಡಿಸಿದ್ದೀರಿ, ವಾರಂಟಿಯೇ ಇಲ್ಲ ಎಂದ. ಮೂವರು ಮೂರು ಕಾರಣ ಕೊಟ್ಟರು, ಒಂದನ್ನೂ ಬರೆದು ಕೊಡಲಿಲ್ಲ. ಗಾಡಿ ಅಲ್ಲೇ ನಿಂತಿದೆ, ವಾರದ ಮೇಲೆ ಇಟ್ಟರೆ ನಿಲುಗಡೆ ಬಾಡಿಗೆ ಬೀಳುತ್ತದೆ ಎಂದೂ ಎಚ್ಚರಿಸಿದ್ದಾರೆ. ಬಲ್ಲವರು ದಾರಿ ತೋರಿಸಿ.

ಗಂಜ್ ವ್ಯಾಪಾರಿ (6 ಮೇ, ರಾತ್ರಿ 10.15)

ತಮ್ಮಾ, ಹಿರಿಯನ ಮಾತು ಕೇಳು. ದುಡ್ಡು ಕೊಟ್ಟು ಗಾಡಿ ಬಿಡಿಸಿಕೋ. ದೊಡ್ಡ ಕಂಪನಿಯ ಜೊತೆ ಜಗಳ ಎಂದರೆ ತೊಗರಿಗೆ ದರ ಬರಲಿ ಎಂದು ಗೋದಾಮಿನಲ್ಲಿಟ್ಟು ಹುಳಕ್ಕೆ ತಿನ್ನಿಸಿದಂತೆ. ನನ್ನ ಭಾವಮೈದುನ ಫ್ರಿಜ್ಜಿನ ಕೇಸು ಹಾಕಿ ಫ್ರಿಜ್ಜಿಗಿಂತ ಹೆಚ್ಚು ಪೆಟ್ರೋಲ್ ಸುಟ್ಟ.

ಗ್ಯಾರೇಜ್ ಕಾಕಾ, ಕಪನೂರು (7 ಮೇ, ಬೆಳಿಗ್ಗೆ 7.05)

ವ್ಯಾಪಾರಿ ಸಾಹೇಬರೇ, ಫ್ರಿಜ್ಜನ್ನು ಪಕ್ಕಕ್ಕಿಡಿ. ಹುಡುಗ ಕೇಳಿದ್ದು ಟರ್ಬೊ ವಿಷಯ.

ಟರ್ಬೊದಲ್ಲಿ ಎರಡು ಚಕ್ರಗಳಿರುತ್ತವೆ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆ ಒಂದನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕಟ್ಟಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಆ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಅದು ನಿಂತಿರುವುದು ಎಣ್ಣೆಯ ತೆಳ್ಳನೆಯ ಪದರದ ಮೇಲೆ. ಅದಕ್ಕೇ ಟರ್ಬೊ ಸತ್ತರೆ ಹೇಗೆ ಸತ್ತಿತು ಎಂಬ ಗುರುತು ಅದರ ಮೈಮೇಲೆಯೇ ಉಳಿದಿರುತ್ತದೆ, ಯಾರ ಬಾಯಿಮಾತೂ ಬೇಕಿಲ್ಲ.

ಧೂಳು ತಿಂದ ಟರ್ಬೊ ಆದರೆ ಗಾಳಿ ಕಡೆಯ ಚಕ್ರದ ರೆಕ್ಕೆಗಳ ಮುಂದಿನ ಅಂಚು ಸವೆದು ದುಂಡಗಾಗಿರುತ್ತದೆ. ಮರಳು ಕಾಗದದಿಂದ ತಿಕ್ಕಿದಂತೆ ಮಂಕಾಗಿ ಕಾಣುತ್ತದೆ. ಫಿಲ್ಟರ್‌ನಿಂದ ಟರ್ಬೊವರೆಗಿನ ಪೈಪಿನ ಒಳಗೆ ಬೆರಳು ಆಡಿಸಿದರೆ ಧೂಳು ಮೆತ್ತಿಕೊಳ್ಳುತ್ತದೆ. ಎಣ್ಣೆ ಸಿಗದೆ ಸತ್ತಿದ್ದರೆ ದಂಡ ಕಾದು ನೀಲಿಗಟ್ಟಿರುತ್ತದೆ. ಕೊಳಕು ಎಣ್ಣೆ ಆದರೆ ಬೇರಿಂಗಿನ ಮೇಲೆ ಸುತ್ತ ಗೀರು ಬೀಳುತ್ತದೆ. ಬಿಸಿಯಲ್ಲಿ ಪದೇ ಪದೇ ಆರಿಸಿದ್ದರೆ ಎಣ್ಣೆ ಕರಕಾಗಿ ಕಲ್ಲಿದ್ದಲಿನಂತೆ ಅಂಟಿರುತ್ತದೆ. ಒಂದು ಸಲ ಬಾಳೆಹಣ್ಣಿಗೆ ನಿಲ್ಲಿಸಿದರೆ ಅಷ್ಟಾಗುವುದಿಲ್ಲ, ಅದು ವರ್ಷಗಟ್ಟಲೆಯ ಚಾಳಿ. ಚೂರು ಏನಾದರೂ ಒಳಗೆ ಹೋಗಿದ್ದರೆ ರೆಕ್ಕೆ ಮುಕ್ಕಾಗಿರುತ್ತದೆ.

ಇವತ್ತೇ ಹೋಗಿ, ಬಿಚ್ಚಿದ ಟರ್ಬೊದ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ಎರಡೂ ಚಕ್ರ, ದಂಡ, ಪೈಪಿನ ಒಳಮೈ, ಏರ್ ಫಿಲ್ಟರ್ ಎಲ್ಲ ಬೇಕು. ಟರ್ಬೊ ಮೇಲಿನ ಸಂಖ್ಯೆ ಓದುವಂತಿರಲಿ.

ಸೇಡಂ ರಸ್ತೆಯವ, ಕಲಬುರಗಿ (7 ಮೇ, ಸಂಜೆ 6.30)

ಕಾಕಾ, ಹೋಗಿ ಬಂದೆ. ಒಳಗೆ ಬಿಡಲು ಮೊದಲು ಒಪ್ಪಲಿಲ್ಲ. ಗಾಡಿ ನನ್ನದು, ಭಾಗ ನನ್ನದು ಎಂದು ಅಲ್ಲೇ ಕುಳಿತ ಮೇಲೆ ಬಿಟ್ಟರು. ಹನ್ನೊಂದು ಫೋಟೋ ಹಾಕಿದ್ದೇನೆ. ಗಾಳಿ ಚಕ್ರದ ಅಂಚು ನನ್ನ ಕಣ್ಣಿಗೆ ಹೊಸದರಂತಿದೆ. ಪೈಪಿನಲ್ಲಿ ಧೂಳಿಲ್ಲ, ಎಣ್ಣೆ ಇದೆ. ದಂಡವನ್ನು ಬೆರಳಿನಿಂದ ಅಲುಗಿಸಿದರೆ ಗಡಗಡ ಆಡುತ್ತದೆ. ನೀಲಿ ಬಣ್ಣ ಕಾಣಿಸಲಿಲ್ಲ.

ಗ್ಯಾರೇಜ್ ಕಾಕಾ, ಕಪನೂರು (7 ಮೇ, ರಾತ್ರಿ 8.00)

ಮೂರನೆಯ ಮತ್ತು ಏಳನೆಯ ಫೋಟೋ ದೊಡ್ಡದು ಮಾಡಿ ನೋಡಿದೆ. ರೆಕ್ಕೆಗಳ ಅಂಚು ಚೂರಿಯಂತೆ ಚೂಪಾಗಿದೆ. ಸಿಮೆಂಟ್ ಧೂಳು ತಿಂದ ಚಕ್ರ ಹೀಗಿರುವುದಿಲ್ಲ. ವಾಡಿ ಕಡೆಯ ಟಿಪ್ಪರ್‌ಗಳ ಟರ್ಬೊ ಎಷ್ಟೋ ಬಿಚ್ಚಿದ್ದೇನೆ, ಆ ಅಂಚಿನಿಂದ ಬೆಣ್ಣೆಯೂ ಕತ್ತರಿಸದು. ದಂಡದ ಆಟ ನೋಡಿದರೆ ಬೇರಿಂಗೇ ದುರ್ಬಲವಿದ್ದಂತಿದೆ. ಬೇರಿಂಗ್ ಬಿಚ್ಚದೆ ಖಚಿತವಾಗಿ ಹೇಳಲಾರೆ, ಆದರೆ ಧೂಳು ಎಂಬುದಂತೂ ಸುಳ್ಳು.

ಕೋಟೆ ಬಾಗಿಲು, ಬೀದರ್ (7 ಮೇ, ರಾತ್ರಿ 9.20)

ಹನ್ನೆರಡು ವರ್ಷ ಸರ್ವಿಸ್ ಅಡ್ವೈಸರ್ ಆಗಿದ್ದೆ, ಈಗ ಬಿಟ್ಟಿದ್ದೇನೆ. ಎದುರು ಬದಿಯ ಲೆಕ್ಕ ತಿಳಿದರೆ ನಿಮಗೆ ಅನುಕೂಲ.

ವಾರಂಟಿಯಲ್ಲಿ ಭಾಗ ಬದಲಿಸಿದರೆ ಡೀಲರ್ ಮೊದಲು ತನ್ನ ಕೈಯಿಂದ ಹಾಕಿ, ಆಮೇಲೆ ಕಂಪನಿಯ ಬಳಿ ಕ್ಲೇಮ್ ಎತ್ತಬೇಕು. ಹಳೆಯ ಭಾಗಕ್ಕೆ ಚೀಟಿ ಕಟ್ಟಿ ಇಡಬೇಕು. ಕಂಪನಿಯವರು ತಪಾಸಣೆಗೆ ಬಂದು ಕಾಗದ ಸರಿ ಇಲ್ಲ ಎಂದರೆ ಆ ಹಣ ಡೀಲರ್ ಖಾತೆಯಿಂದ ಕಡಿತವಾಗುತ್ತದೆ. ಅದೇ ಗ್ರಾಹಕ ಕೈಯಾರೆ ಕೊಟ್ಟರೆ ಭಾಗದ ಮೇಲೆ ಲಾಭ, ಕೂಲಿಯ ಮೇಲೂ ಲಾಭ, ತಲೆನೋವಿಲ್ಲ. ಹಾಗಾಗಿ ದೊಡ್ಡ ಮೊತ್ತದ ಭಾಗ ಬಂದಾಗ ಕೆಲವು ಕಡೆ ಕಂಪನಿಯನ್ನು ಕೇಳುವುದೇ ಇಲ್ಲ, ಕೌಂಟರಿನಲ್ಲೇ ‘ಬರುವುದಿಲ್ಲ’ ಎಂದು ಕಳಿಸಿಬಿಡುತ್ತಾರೆ.

ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಏಕೆ ಬರುವುದಿಲ್ಲ’ ಅಲ್ಲ. ‘ಕ್ಲೇಮ್ ಎತ್ತಿದ್ದೀರಾ? ಅದರ ಸಂಖ್ಯೆ ಎಷ್ಟು? ತಿರಸ್ಕರಿಸಿದವರು ನೀವೋ ಕಂಪನಿಯೋ?’ ಎಂದು ಕೇಳಿ. ಬಾಯಿಯಲ್ಲಿ ಕೇಳಬೇಡಿ. ಇಮೇಲ್ ಮಾಡಿ, ಕಂಪನಿಯ ಗ್ರಾಹಕ ವಿಭಾಗಕ್ಕೂ ಪ್ರತಿ ಹಾಕಿ. ವಾರಂಟಿ ಪುಸ್ತಿಕೆಯ ಯಾವ ಷರತ್ತಿನ ಅಡಿ, ಯಾವ ಪರೀಕ್ಷೆಯ ಆಧಾರದ ಮೇಲೆ ನಿರಾಕರಿಸಿದ್ದೀರಿ ಎಂದು ಬರೆದು ಕೊಡಲು ಹೇಳಿ. ಬಾಯಿಮಾತಿನ ಕಾರಣಕ್ಕೆ ಕಾಲಿರುತ್ತದೆ, ಇವತ್ತು ಇಲ್ಲಿ ನಾಳೆ ಅಲ್ಲಿ. ಕಾಗದಕ್ಕೆ ಬಿದ್ದ ಮೇಲೆ ಅದು ಅಲ್ಲೇ ನಿಲ್ಲಬೇಕು. ನಮ್ಮ ಮ್ಯಾನೇಜರ್‌ಗಳು ಬರೆದು ಕೊಡಲು ಹೆದರುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನೊಂದು ಮಾತು. ಅಡ್ವೈಸರ್ ನಗುತ್ತಾ ‘ಎಲ್ಲಿಂದ ಬರುತ್ತಿದ್ದಿರಿ, ಎಲ್ಲಿ ನಿಲ್ಲಿಸಿದ್ದಿರಿ’ ಎಂದು ಕೇಳಿದರೆ ಕಥೆ ಹೇಳಬೇಡಿ. ನಾನೂ ಹಾಗೆಯೇ ಕೇಳುತ್ತಿದ್ದೆ. ಲಕ್ಷಣ ಮಾತ್ರ ಹೇಳಿ: ಶಬ್ದ, ಹೊಗೆ, ಶಕ್ತಿ ಕುಸಿತ. ಜಾಬ್ ಕಾರ್ಡಿನಲ್ಲಿ (ಗಾಡಿಯ ದೂರು, ಮಾಡಿದ ಕೆಲಸ ಬರೆಯುವ ವರ್ಕ್‌ಶಾಪಿನ ಚೀಟಿ) ಅಷ್ಟೇ ಬರೆಸಿ, ಸಹಿ ಮಾಡುವ ಮೊದಲು ಓದಿ.

ಹುಮನಾಬಾದಿನ ಟೀಚರ್ (8 ಮೇ, ಬೆಳಿಗ್ಗೆ 6.40)

ಎಲ್ಲರೂ ಹೋರಾಡಿ ಎನ್ನುತ್ತಿದ್ದೀರಿ, ಸೋತವಳ ಮಾತೂ ಒಂದಿರಲಿ. ನಮ್ಮ ಮನೆಯವರ ಹಿಂದಿನ ಕಾರಿನ ಎಂಜಿನ್ ಹೋದಾಗ ನಾವೂ ಗುದ್ದಾಡಿದೆವು. ಆದರೆ ಎರಡು ಸರ್ವಿಸ್ ತಪ್ಪಿಸಿದ್ದೆವು. ಸಾಲದ್ದಕ್ಕೆ ನಮ್ಮ ಮಗ ಯಾರದೋ ಮಾತು ಕೇಳಿ ಹೆಚ್ಚು ಶಕ್ತಿ ಬರಲಿ ಎಂದು ಎಂಜಿನ್‌ನ ಗಣಕದ ತಂತ್ರಾಂಶ ಬದಲಿಸಿಬಿಟ್ಟಿದ್ದ, ನಮಗೆ ಹೇಳಿರಲಿಲ್ಲ. ಅವರು ದಾಖಲೆ ತೋರಿಸಿದಾಗ ತಲೆ ತಗ್ಗಿಸಿ ಬಂದೆವು. ಆ ನಿರಾಕರಣೆ ಸರಿಯಾಗಿಯೇ ಇತ್ತು.

ಅದಕ್ಕೇ ಸೇಡಂ ರಸ್ತೆಯ ತಮ್ಮನಿಗೆ ಕೇಳುತ್ತೇನೆ: ಜಗಳಕ್ಕೆ ಹೋಗುವ ಮುನ್ನ ನಿಮ್ಮ ಕೈ ಶುದ್ಧವಿದೆಯೇ? ಪ್ರತಿ ಸರ್ವಿಸಿನ ದಿನಾಂಕ, ಕಿಲೋಮೀಟರ್, ಬಿಲ್ಲು ಇಲ್ಲಿ ಹಾಕಿ.

ಸೇಡಂ ರಸ್ತೆಯವ, ಕಲಬುರಗಿ (8 ಮೇ, ಮಧ್ಯಾಹ್ನ 1.10)

ಅಕ್ಕ, ಸರಿಯಾದ ಪ್ರಶ್ನೆ. 1,000 ಮತ್ತು 10,000 ಕಿ.ಮೀ. ಸರ್ವಿಸ್ ಶೋರೂಮಿನಲ್ಲಿ. 20,000 ಹೊರಗಿನ ಗ್ಯಾರೇಜಿನಲ್ಲಿ, ಏಕೆಂದರೆ ಶೋರೂಮಿನವರು ಮೂರು ವಾರ ಕಳೆದು ಬನ್ನಿ ಎಂದಿದ್ದರು. ಕೈಪಿಡಿಯಲ್ಲಿ ಹೇಳಿದ 5ಡಬ್ಲ್ಯೂ-30, ಸಿ3 ದರ್ಜೆಯ ಎಣ್ಣೆಯನ್ನೇ ಹಾಕಿಸಿದ್ದೇನೆ, ಬಿಲ್ಲಿನಲ್ಲಿ ಬರೆದಿದೆ. 30,000 ಮತ್ತೆ ಶೋರೂಮಿನಲ್ಲಿ. ಹೊರಗಿನ ಲೈಟು, ಹಾರ್ನು ಏನೂ ಹಾಕಿಸಿಲ್ಲ. ಇಮೇಲ್ ಇವತ್ತೇ ಕಳಿಸಿದೆ.

ಸೇಡಂ ರಸ್ತೆಯವ, ಕಲಬುರಗಿ (19 ಮೇ, ರಾತ್ರಿ 8.45)

ಉತ್ತರ ಬಂತು! ಎರಡು ಸಲ ನೆನಪಿಸಿದ ಮೇಲೆ. ಬೀದರಿನ ಅಣ್ಣ ಹೇಳಿದ್ದು ಅಕ್ಷರಶಃ ನಿಜ, ಮೊದಲ ಇಮೇಲಿನ ಮರುದಿನವೇ ಕ್ಲೇಮ್ ಸಂಖ್ಯೆ ಹುಟ್ಟಿದೆ. ಅಂದರೆ ಅಲ್ಲಿಯವರೆಗೆ ಕಂಪನಿಗೆ ವಿಷಯವೇ ಗೊತ್ತಿರಲಿಲ್ಲ. ಈಗ ಬರೆದುಕೊಟ್ಟಿರುವುದು ಇಷ್ಟು: ‘ಅಧಿಕೃತವಲ್ಲದ ಕಡೆ ಎಣ್ಣೆ ಬದಲಿಸಿದ್ದರಿಂದ ಎಣ್ಣೆಯ ಗುಣಮಟ್ಟ ಕೆಟ್ಟು ಟರ್ಬೊ ಹಾಳಾಗಿದೆ’. ಧೂಳಿನ ಮಾತೇ ಇಲ್ಲ, ಬಾಳೆಹಣ್ಣಿನದೂ ಇಲ್ಲ.

ಹುಮನಾಬಾದಿನ ಟೀಚರ್ (19 ಮೇ, ರಾತ್ರಿ 9.02)

ತಮ್ಮಾ, ನಾನು ಗಣಿತ ಹೇಳಿಕೊಡುವವಳು. ಹೊರಗೆ ಎಣ್ಣೆ ಹಾಕಿಸಿದ್ದು 20,000ದಲ್ಲಿ. 30,000ದಲ್ಲಿ ಶೋರೂಮಿನವರೇ ಆ ಎಣ್ಣೆ ಚೆಲ್ಲಿ, ಫಿಲ್ಟರ್ ಬದಲಿಸಿ, ತಮ್ಮದೇ ಎಣ್ಣೆ ತುಂಬಿದ್ದಾರಲ್ಲವೇ? ಟರ್ಬೊ ಹೋದದ್ದು 38,200ರಲ್ಲಿ. ಹಾಗಾದರೆ ಆ ದಿನ ಎಂಜಿನ್‌ನಲ್ಲಿ ಇದ್ದದ್ದು ಯಾರ ಎಣ್ಣೆ?

ಗ್ಯಾರೇಜ್ ಕಾಕಾ, ಕಪನೂರು (19 ಮೇ, ರಾತ್ರಿ 9.10)

ಟೀಚರ್ ಬಾಯಿ, ನಿಮಗೆ ನಮ್ಮ ಗ್ಯಾರೇಜಿನಲ್ಲಿ ಒಂದು ಕುರ್ಚಿ ಖಾಯಂ. ನಲವತ್ತು ವರ್ಷ ಸ್ಪ್ಯಾನರ್ ಹಿಡಿದ ನನಗೇ ಇದು ಹೊಳೆಯಲಿಲ್ಲ.

ಸೇಡಂ ರಸ್ತೆಯವ, ಕಲಬುರಗಿ (19 ಮೇ, ರಾತ್ರಿ 9.30)

ಜಾಬ್ ಕಾರ್ಡ್ ತೆಗೆದು ನೋಡಿದೆ. 30,000ದ ಸರ್ವಿಸಿನಲ್ಲಿ ಎಣ್ಣೆ ಬದಲು, ಎಣ್ಣೆ ಫಿಲ್ಟರ್ ಬದಲು, ಏರ್ ಫಿಲ್ಟರ್ ಶುಚಿ. ಕೊನೆಯಲ್ಲಿ ‘ಎಂಜಿನ್ ಸ್ಥಿತಿ ಸರಿ ಇದೆ’ ಎಂಬ ಚೌಕಕ್ಕೆ ಗುರುತು. ಮೇಲೆ ಅವರದೇ ಮುದ್ರೆ. ಇವತ್ತು ಊಟ ರುಚಿಸುತ್ತದೆ.

ಕರಿಕೋಟು, ಕಲಬುರಗಿ (20 ಮೇ, ಬೆಳಿಗ್ಗೆ 8.15)

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಏಕೆಂದರೆ ನಿರಾಕರಣೆ ಕಾಗದಕ್ಕೆ ಬರುವವರೆಗೆ ವಕೀಲನಿಗೆ ಕೆಲಸವಿಲ್ಲ. ಈಗ ಹೇಳುತ್ತೇನೆ.

ಹೊರಗಿನ ಗ್ಯಾರೇಜಿನ ವಿಷಯ ಮೊದಲು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ಆದೇಶ ಹೊರಡಿಸಿತ್ತು. ಬಿಡಿಭಾಗ ಮತ್ತು ದುರಸ್ತಿಯನ್ನು ತಮ್ಮ ಜಾಲದೊಳಗೇ ಕಟ್ಟಿಹಾಕಿದ್ದಕ್ಕೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎನ್ನುವ ಸಾರಾಸಗಟು ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ದಂಡದ ಲೆಕ್ಕ ಬದಲಾಯಿತು. ಹಾಗಾಗಿ ಅದನ್ನೊಂದೇ ಊರುಗೋಲು ಮಾಡಿಕೊಳ್ಳಬೇಡಿ. ನಿಮ್ಮ ನಿಜವಾದ ಬಲ ಟೀಚರ್ ಅವರ ಲೆಕ್ಕ: ಕಾರಣಕ್ಕೂ ಹಾನಿಗೂ ಸಂಬಂಧವೇ ಇಲ್ಲ.

ಈಗ ದಾರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅವರ ಮಾತಿಗೆ ಆದೇಶದ ಬಲವಿಲ್ಲ, ಆದರೆ ದೂರು ಕಂಪನಿಯ ಮುಖ್ಯ ಕಚೇರಿಯ ಮೇಜಿಗೆ ಹೋಗುತ್ತದೆ. ಹದಿನೈದು ದಿನದ ಗಡುವು ಕೊಟ್ಟು ಡೀಲರ್ ಮತ್ತು ತಯಾರಕ ಇಬ್ಬರಿಗೂ ನೋಟಿಸ್ ಕಳಿಸಿ. ಇಬ್ಬರನ್ನೂ ಸೇರಿಸುವುದು ಮುಖ್ಯ. ಒಬ್ಬರ ಮೇಲೆ ಮಾತ್ರ ಹಾಕಿದರೆ ಅವನು ಇನ್ನೊಬ್ಬನತ್ತ ಬೆರಳು ತೋರಿಸುತ್ತಾನೆ.

ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಜಿಲ್ಲಾ ಗ್ರಾಹಕ ಆಯೋಗ. ಈ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. ಶುಲ್ಕವನ್ನು ನೀವು ಕೇಳುವ ಪರಿಹಾರದ ಮೇಲೆ ಲೆಕ್ಕ ಹಾಕುವುದಿಲ್ಲ, ಕಾರಿಗೆ ಕೊಟ್ಟ ಬೆಲೆಯ ಮೇಲೆ ಹಾಕುತ್ತಾರೆ. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ವಕೀಲರೇ ಬೇಕೆಂದಿಲ್ಲ, ನೀವೇ ನಿಂತು ಹೇಳಬಹುದು. (ನನ್ನ ಹೊಟ್ಟೆಯ ಮೇಲೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ.) ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು.

ಒಂದು ಎಚ್ಚರ. ಸಿಟ್ಟಿನಲ್ಲಿ ‘ಹೊಸ ಕಾರೇ ಕೊಡಿ’ ಎಂದು ಬರೆಯಬೇಡಿ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಹೊಣೆ ದೋಷವಿರುವ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದು, ಇಡೀ ಕಾರನ್ನು ಬದಲಿಸುವುದಲ್ಲ ಎಂದು ಹೇಳಿದೆ. ಟರ್ಬೊ ಕೇಳಿ, ಖರ್ಚು ಕೇಳಿ, ಪರಿಹಾರ ಕೇಳಿ. ಅತಿಯಾಗಿ ಕೇಳಿದವನ ನ್ಯಾಯವಾದ ಬೇಡಿಕೆಯೂ ಹಗುರವಾಗಿ ಕಾಣುತ್ತದೆ.

ಹಳದಿ ಬೋರ್ಡ್, ಯಾದಗಿರಿ (20 ಮೇ, ಬೆಳಿಗ್ಗೆ 11.30)

ವಕೀಲ ಸಾಹೇಬರೇ, ಮಧ್ಯೆ ಬಂದೆ, ಕ್ಷಮಿಸಿ. ನನ್ನದು ಟ್ಯಾಕ್ಸಿ, ನಾನೇ ಓಡಿಸುತ್ತೇನೆ. ಗಾಡಿ ಕೊಂಡದ್ದು ಹೈದರಾಬಾದಿನಲ್ಲಿ. ಎಸಿ ಕಂಪ್ರೆಸರ್ ಹೋಗಿ ಒಂದು ತಿಂಗಳಾಯಿತು, ಈ ಬಿಸಿಲಿನಲ್ಲಿ ಎಸಿ ಇಲ್ಲದ ಗಾಡಿಗೆ ಯಾರು ಹತ್ತುತ್ತಾರೆ? ವಾಣಿಜ್ಯ ಬಳಕೆ, ನೀವು ಗ್ರಾಹಕರೇ ಅಲ್ಲ ಎನ್ನುತ್ತಾರೆ. ಬಿಲ್ಲಿನ ಕೆಳಗೆ ‘ವ್ಯಾಜ್ಯ ಹೈದರಾಬಾದಿನಲ್ಲಿ ಮಾತ್ರ’ ಎಂದೂ ಮುದ್ರಿಸಿದ್ದಾರೆ. ನನಗೇನಾದರೂ ದಾರಿ ಇದೆಯೇ?

ಕರಿಕೋಟು, ಕಲಬುರಗಿ (20 ಮೇ, ರಾತ್ರಿ 9.00)

ಇದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಎಂಬುದು ನಿಜ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು ತಾನೇ ಬಳಸುವವನನ್ನು ಕಾಯ್ದೆಯೇ ಅದರಿಂದ ಹೊರಗಿಟ್ಟಿದೆ. ಒಂದೇ ಗಾಡಿ, ನೀವೇ ಚಾಲಕ, ಅದೇ ಜೀವನಾಧಾರ ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ, ಬ್ಯಾಡ್ಜ್ ಮತ್ತು ಪರವಾನಗಿಯ ಪ್ರತಿ ಲಗತ್ತಿಸಿ. ಐದು ಗಾಡಿ ಇಟ್ಟು ಚಾಲಕರನ್ನು ನೇಮಿಸಿದ್ದರೆ ಕಷ್ಟವಾಗುತ್ತಿತ್ತು.

ಜಾಗದ ಚಿಂತೆ ಬಿಡಿ. ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಲು 2019ರ ಕಾಯ್ದೆಯ 34ನೇ ಕಲಂ ಅವಕಾಶ ಕೊಡುತ್ತದೆ. ಬಿಲ್ಲಿನ ಕೆಳಗಿನ ಆ ಸಾಲಿಗೆ ಹೆದರಿ ಹೈದರಾಬಾದಿನ ಬಸ್ ಹತ್ತಬೇಡಿ. ವಿಡಿಯೊ ಮೂಲಕ ವಿಚಾರಣೆಗೂ ಅರ್ಜಿ ಕೊಡಬಹುದು.

ಹಳದಿ ಬೋರ್ಡ್, ಯಾದಗಿರಿ (20 ಮೇ, ರಾತ್ರಿ 9.20)

ನಿಮ್ಮ ಬಾಯಿಗೆ ಸಕ್ಕರೆ ಬೀಳಲಿ. ಪ್ರತ್ಯೇಕ ಚರ್ಚೆ ತೆರೆಯುತ್ತೇನೆ, ಇಲ್ಲಿ ಟರ್ಬೊ ನಡೆಯಲಿ.

ಸೇಡಂ ರಸ್ತೆಯವ, ಕಲಬುರಗಿ (11 ಜೂನ್, ಸಂಜೆ 7.15)

ನೋಟಿಸ್ ತಲುಪಿದ ಒಂಬತ್ತನೇ ದಿನ ಕಂಪನಿಯ ಪ್ರಾದೇಶಿಕ ಕಚೇರಿಯಿಂದ ಕರೆ ಬಂತು. ಧ್ವನಿಯಲ್ಲಿ ಜೇನು. ‘ಸದ್ಭಾವನೆಯಿಂದ’ ಶೇ. 60ರಷ್ಟನ್ನು ಅವರು ಭರಿಸುತ್ತಾರಂತೆ, ಉಳಿದ ಶೇ. 40 ನನ್ನದಂತೆ. ಅದಕ್ಕೆ ಒಂದು ಪತ್ರಕ್ಕೆ ಸಹಿ ಬೇಕು: ತಯಾರಿಕೆಯಲ್ಲಿ ದೋಷವಿಲ್ಲ ಎಂದು ಒಪ್ಪುತ್ತೇನೆ, ಮುಂದೆ ಯಾವ ದೂರೂ ಇಲ್ಲ. ಇತ್ತ ತಾಯಿಯನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು, ಬಾಡಿಗೆ ಕಾರಿಗೆ ಇದುವರೆಗೆ 11,000 ಹೋಗಿದೆ. ಏನು ಮಾಡಲಿ?

ಗಂಜ್ ವ್ಯಾಪಾರಿ (11 ಜೂನ್, ಸಂಜೆ 7.22)

ತಗೋ ತಮ್ಮಾ, ತಗೋ! 78,000ದಲ್ಲಿ 47,000 ಬಿಟ್ಟಿ ಬಂತು. ಸಂತೆಯಲ್ಲಿ ಇದಕ್ಕಿಂತ ಒಳ್ಳೆಯ ಚೌಕಾಸಿ ಆಗುವುದಿಲ್ಲ.

ಕೋಟೆ ಬಾಗಿಲು, ಬೀದರ್ (11 ಜೂನ್, ರಾತ್ರಿ 8.10)

ವ್ಯಾಪಾರಿ ಕಾಕಾ ಹೇಳುವುದರಲ್ಲೂ ಅರ್ಥವಿದೆ, ಆಯೋಗದ ದಾರಿ ಉದ್ದ. ಆದರೆ ತಪ್ಪಿಲ್ಲದವರು ಶೇ. 60 ಕೊಡುವುದಿಲ್ಲ. ನಾನು ಅಲ್ಲಿದ್ದಾಗ ಈ ‘ಸದ್ಭಾವನೆ’ ಹೊರಬರುತ್ತಿದ್ದುದು ಫೈಲ್ ನಮ್ಮ ವಿರುದ್ಧ ಇದ್ದಾಗಲೇ.

ಕರಿಕೋಟು, ಕಲಬುರಗಿ (11 ಜೂನ್, ರಾತ್ರಿ 10.00)

ತೆಗೆದುಕೊಳ್ಳುವುದು ಬಿಡುವುದು ನಿಮ್ಮ ಮನೆಯ ಪರಿಸ್ಥಿತಿ. ಆದರೆ ಆ ಪತ್ರಕ್ಕೆ ಸಹಿ ಹಾಕಿದ ದಿನ ಪ್ರಕರಣ ಮುಗಿಯಿತು ಎಂದು ತಿಳಿಯಿರಿ.

ಗಾಡಿ ತುರ್ತಾಗಿ ಬೇಕಿದ್ದರೆ ಇನ್ನೊಂದು ದಾರಿ ಇದೆ. ಪೂರ್ತಿ ಹಣ ಕಟ್ಟಿ ಬಿಡಿಸಿಕೊಳ್ಳಿ. ಕಟ್ಟುವ ಮೊದಲು ಇಮೇಲ್ ಮಾಡಿ, ಬಿಲ್ಲಿನ ಮೇಲೂ ಕೈಯಾರೆ ಬರೆಯಿರಿ: ‘ವಾರಂಟಿಯ ಹಕ್ಕನ್ನು ಬಿಟ್ಟುಕೊಡದೆ, ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’. ಹಳೆಯ ಟರ್ಬೊವನ್ನು ಬಿಟ್ಟು ಬರಬೇಡಿ. ಅದೇ ನಿಮ್ಮ ಸಾಕ್ಷಿ. ನೀವು ಹಣ ಕೊಟ್ಟು ಬದಲಿಸಿದ ಮೇಲೆ ಹಳೆಯದು ನಿಮ್ಮದು.

ತೊಳೆಯಬೇಡಿ, ಬಿಚ್ಚಬೇಡಿ. ದೋಷ ಪತ್ತೆಗೆ ಪರೀಕ್ಷೆ ಬೇಕಿದ್ದರೆ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ 38ನೇ ಕಲಂನಲ್ಲಿ ಆಯೋಗಕ್ಕಿದೆ. ನೀವೇ ಒಂದು ತಾಂತ್ರಿಕ ವರದಿ ಮಾಡಿಸಿದರೆ ಇನ್ನೂ ಒಳ್ಳೆಯದು, ಆದರೆ ಕಾಕಾ ಅವರ ಕಣ್ಣು ಎಷ್ಟೇ ಚುರುಕಾಗಿದ್ದರೂ ಅರ್ಹತಾ ಪತ್ರವಿರುವ ಸರ್ವೇಯರ್ (ವಾಹನದ ಹಾನಿ ಪರಿಶೀಲಿಸುವವರು) ಅಥವಾ ಎಂಜಿನಿಯರ್ ಸಹಿ ಬೇಕು.

ಗ್ಯಾರೇಜ್ ಕಾಕಾ, ಕಪನೂರು (12 ಜೂನ್, ಬೆಳಿಗ್ಗೆ 7.00)

ಬೇಸರವಿಲ್ಲ ಸಾಹೇಬರೇ. ನನ್ನ ಅರ್ಹತಾ ಪತ್ರ ನನ್ನ ಉಗುರಿನ ಕಪ್ಪು, ಅದನ್ನು ಲಗತ್ತಿಸಲಾಗುವುದಿಲ್ಲ.

ಸೇಡಂ ರಸ್ತೆಯವ, ಕಲಬುರಗಿ (14 ಜೂನ್, ರಾತ್ರಿ 9.00)

ಸಹಿ ಹಾಕಲಿಲ್ಲ. ತಂಗಿಯಿಂದ ಅರ್ಧ ಕೈಗಡ ಪಡೆದು 78,400 ಕಟ್ಟಿದೆ, ಬಿಲ್ಲಿನ ಮೇಲೆ ಆಕ್ಷೇಪಣೆ ಬರೆದೆ. ಕ್ಯಾಷಿಯರ್ ಹೊಸ ಬಿಲ್ಲು ಮುದ್ರಿಸಲು ಹೋದ, ಅದರ ಮೇಲೂ ಬರೆದೆ. ಹಳೆಯ ಟರ್ಬೊ ಕೇಳಿದರೆ ‘ಗುಜರಿಗೆ ಹೋಯಿತು’ ಎಂದರು. ಅರ್ಧ ಗಂಟೆ ಕದಲದೆ ನಿಂತೆ. ಗುಜರಿಯಿಂದ ತಾನೇ ನಡೆದು ಬಂತು! ಫೋಟೋದಲ್ಲಿದ್ದ ಸಂಖ್ಯೆಗೆ ಹೊಂದಿಸಿ ನೋಡಿ, ಚೀಲದಲ್ಲಿ ಹಾಕಿ, ಹೊಲಿಗೆಗೆ ಅರಗು ಹಚ್ಚಿ ಮನೆಯಲ್ಲಿಟ್ಟಿದ್ದೇನೆ. ಅವ್ವ ಇದೇನು ಎಂದು ಕೇಳಿದಳು, 78,000ದ ಒಡವೆ ಎಂದೆ.

ಸೇಡಂ ರಸ್ತೆಯವ, ಕಲಬುರಗಿ (9 ಜುಲೈ, ಸಂಜೆ 6.00)

ಇವತ್ತು ಗ್ರಾಹಕ ಆಯೋಗಗಳ ಇ-ಜಾಗೃತಿ ಜಾಲತಾಣದಲ್ಲಿ ದೂರು ಸಲ್ಲಿಸಿದೆ. ಕಾರಿನ ಬೆಲೆ 11.6 ಲಕ್ಷ, ಶುಲ್ಕ 400 ರೂಪಾಯಿ. ನಾಲ್ಕು ಪುಟದ ದೂರು, ದಿನಾಂಕವಾರು. ಜೊತೆಗೆ ಎಲ್ಲ ಜಾಬ್ ಕಾರ್ಡ್, ಹೊರಗಿನ ಗ್ಯಾರೇಜಿನ ಬಿಲ್ಲು, ಕಂಪನಿಯ ಲಿಖಿತ ನಿರಾಕರಣೆ, ಶೇ. 60ರ ಪ್ರಸ್ತಾವದ ಇಮೇಲ್, ಸರ್ವೇಯರ್ ವರದಿ. ವರದಿಯಲ್ಲಿ ರೆಕ್ಕೆ ಸವೆದಿಲ್ಲ, ದಂಡ ಕಾದ ಗುರುತಿಲ್ಲ, ಬೇರಿಂಗ್ ಅಕಾಲದಲ್ಲಿ ಸವೆದಿದೆ ಎಂದಿದೆ. ಬಿಚ್ಚುವಾಗ ನಾನು ಎದುರಿಗಿದ್ದೆ, ವಿಡಿಯೊ ಇದೆ.

ಮೊದಲ ಕರಡಿನಲ್ಲಿ ಎರಡು ಪುಟ ಬರೀ ಬೈಗುಳವಿತ್ತು. ಟೀಚರ್ ಅಕ್ಕ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು.

ಕರಿಕೋಟು, ಕಲಬುರಗಿ (9 ಜುಲೈ, ರಾತ್ರಿ 8.30)

ಚೆನ್ನಾಗಿದೆ. ದೂರನ್ನು ಅಂಗೀಕರಿಸಬೇಕೋ ಬೇಡವೋ ಎಂಬುದು ಸಾಮಾನ್ಯವಾಗಿ 21 ದಿನಗಳಲ್ಲಿ ತೀರ್ಮಾನವಾಗಬೇಕು. ನೋಟಿಸ್ ಸಿಕ್ಕ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನು 15. 45 ದಿನ ದಾಟಿದರೆ ಆಯೋಗಕ್ಕೂ ಅದನ್ನು ವಿಸ್ತರಿಸುವ ಅಧಿಕಾರವಿಲ್ಲ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಇದನ್ನು ಖಚಿತಪಡಿಸಿದೆ. ದಿನ ಎಣಿಸುತ್ತಿರಿ. ತೀರ್ಪಿಗೆ ಕಾಯ್ದೆ ಹೇಳುವುದು ಮೂರು ತಿಂಗಳು, ಪರೀಕ್ಷೆ ಬೇಕಿದ್ದರೆ ಐದು. ಅದು ಕಾಯ್ದೆಯ ಪುಸ್ತಕದ ಲೆಕ್ಕ, ಕ್ಯಾಲೆಂಡರಿನದು ಬೇರೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಸೇಡಂ ರಸ್ತೆಯವ, ಕಲಬುರಗಿ (23 ಸೆಪ್ಟೆಂಬರ್, ರಾತ್ರಿ 8.00)

ಬಹಳ ದಿನ ಬರೆಯಲಿಲ್ಲ, ಬರೆಯುವಂಥದ್ದು ಇರಲಿಲ್ಲ. ಒಂದು ಸಲ ಹೋದರೆ ಮುಂದಿನ ದಿನಾಂಕ, ಮತ್ತೊಂದು ಸಲ ಎದುರು ವಕೀಲರಿಗೆ ಜ್ವರ. ಡೀಲರ್ ತನ್ನ ಉತ್ತರದಲ್ಲಿ ನಿರ್ಧಾರ ಕಂಪನಿಯದು ಎಂದ. ಕಂಪನಿ ತನ್ನ ಉತ್ತರದಲ್ಲಿ ಪರಿಶೀಲನೆ ಡೀಲರ್‌ನದು ಎಂದಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ, ಮಧ್ಯಸ್ಥಿಕೆಗೆ ಒಪ್ಪುತ್ತೀರಾ ಎಂದು ಆಯೋಗ ಕೇಳಿತು. ಒಪ್ಪಿದೆವು.

ಮಧ್ಯಸ್ಥರ ಮುಂದೆ ನಾನು 30,000ದ ಜಾಬ್ ಕಾರ್ಡ್ ಇಟ್ಟೆ, ಟೀಚರ್ ಕೇಳಿದ ಪ್ರಶ್ನೆಯನ್ನೇ ಕೇಳಿದೆ: ಆ ದಿನ ಎಂಜಿನ್‌ನಲ್ಲಿ ಇದ್ದದ್ದು ಯಾರ ಎಣ್ಣೆ? ಕಂಪನಿಯ ಕಡೆಯವರು ಡೀಲರ್ ಕಡೆಯವರ ಮುಖ ನೋಡಿದರು. ಇದು ಅವರಿಗೆ ಗೊತ್ತೇ ಇರಲಿಲ್ಲ ಎಂದು ನನ್ನ ಅನುಮಾನ. ಎರಡನೇ ಸಭೆಯಲ್ಲಿ 78,400 ಪೂರ್ತಿ ಮರಳಿಸಲು ಒಪ್ಪಿದರು, ಟೋಯಿಂಗ್ ಸೇರಿ ಖರ್ಚಿಗೆ 10,000. ಬಾಡಿಗೆ ಕಾರಿನ 11,000ಕ್ಕೆ ಒಪ್ಪಲಿಲ್ಲ, ನಾನೂ ಹಿಡಿದು ಕೂರಲಿಲ್ಲ. ಹೊಸ ಟರ್ಬೊವನ್ನು ವಾರಂಟಿ ಬದಲಾವಣೆ ಎಂದೇ ದಾಖಲಿಸಬೇಕು ಎಂಬ ಸಾಲನ್ನು ಒಪ್ಪಂದದಲ್ಲಿ ಸೇರಿಸಿದೆ. ಇವತ್ತು ಹಣ ಖಾತೆಗೆ ಬಂತು, ತಂಗಿಯದು ತಂಗಿಗೆ ಹೋಯಿತು.

ಗಂಜ್ ವ್ಯಾಪಾರಿ (23 ಸೆಪ್ಟೆಂಬರ್, ರಾತ್ರಿ 8.25)

ಐದು ತಿಂಗಳಾಯಿತಲ್ಲ ತಮ್ಮಾ. ಬಡ್ಡಿ ಲೆಕ್ಕ ಹಾಕಿದೆಯಾ?

ಸೇಡಂ ರಸ್ತೆಯವ, ಕಲಬುರಗಿ (23 ಸೆಪ್ಟೆಂಬರ್, ರಾತ್ರಿ 8.31)

ಹಾಕಿದೆ ಕಾಕಾ. ಬಡ್ಡಿ, ಬಾಡಿಗೆ ಕಾರಿನ ಹಣ ಎರಡೂ ಕೈಬಿಟ್ಟು ಹೋದವು, ನಿಜ. ಆದರೆ ನಿಮ್ಮ ಮಾತಿನಂತೆ ಜೂನ್‌ನಲ್ಲಿ ಒಪ್ಪಿದ್ದರೆ 31,000 ಹೋಗುತ್ತಿತ್ತು, ಅದರ ಮೇಲೆ ತಪ್ಪು ನನ್ನದೇ ಎಂಬ ಸಹಿ ಬೇರೆ.

ಗಂಜ್ ವ್ಯಾಪಾರಿ (23 ಸೆಪ್ಟೆಂಬರ್, ರಾತ್ರಿ 9.10)

ಅದಿರಲಿ. ನಮ್ಮ ಅಂಗಡಿಯ ಸಾಮಾನು ಸಾಗಿಸುವ ಗಾಡಿಯದ್ದು ಒಂದು ವಿಷಯ ಕೇಳಬೇಕಿತ್ತು. ಕ್ಲಚ್ ಹೋಗಿದೆ, 14 ತಿಂಗಳ ಗಾಡಿ. ‘ಓವರ್‌ಲೋಡ್ ಮಾಡಿದ್ದೀರಿ, ಬರುವುದಿಲ್ಲ’ ಎಂದಿದ್ದಾರೆ.

ಕೋಟೆ ಬಾಗಿಲು, ಬೀದರ್ (23 ಸೆಪ್ಟೆಂಬರ್, ರಾತ್ರಿ 9.14)

ಬರೆದು ಕೊಟ್ಟಿದ್ದಾರಾ, ಬಾಯಿಯಲ್ಲಿ ಹೇಳಿದ್ದಾರಾ?

ಹುಮನಾಬಾದಿನ ಟೀಚರ್ (23 ಸೆಪ್ಟೆಂಬರ್, ರಾತ್ರಿ 9.15)

ಅದಕ್ಕೂ ಮೊದಲು ನಿಜ ಹೇಳಿ ಕಾಕಾ, ಎಷ್ಟು ಚೀಲ ತೊಗರಿ ಹೇರಿದ್ದಿರಿ?